ಎಂಜಲಲ್ಲದ ಸೂಜಿ

ಬೆಟಗೇರಿಯಲ್ಲಿ ನಮ್ಮ ರಕ್ತಪರೀಕ್ಷೆಯ ಕೋಣೆ ಇದ್ದದ್ದು ಹಿಟ್ಟಿನ ಗಿರಣಿಯ ಹಿಂದೆ. ಬಾಗಿಲಿಗೆ ಬೋರ್ಡು ಇರಲಿಲ್ಲ. ಬೋರ್ಡು ಹಾಕಿದ್ದಾಗ ಮೂರು ತಿಂಗಳು ನಾನು ನೊಣ ಹೊಡೆಯುತ್ತ ಕೂತಿದ್ದೆ. ನಶೆಗಾಗಿ ಸೂಜಿ ಚುಚ್ಚಿಕೊಳ್ಳುವವರಿಗೆ ಎಚ್‌ಐವಿ ಪರೀಕ್ಷೆ ಉಚಿತ ಎಂದು ದೊಡ್ಡ ಅಕ್ಷರದಲ್ಲಿ ಬರೆಸಿದರೆ, ಓಣಿಯೆಲ್ಲ ನೋಡುತ್ತಿರುವಾಗ ಯಾವ ಮಹಾರಾಯ ಒಳಗೆ ಬರುತ್ತಾನೆ? ಇಷ್ಟು ಸಣ್ಣ ಮಾತು ನಮ್ಮ ಮೇಲಿನವರಿಗೆ ಹೊಳೆಯುವಷ್ಟರಲ್ಲಿ ಅವರ ಮೇಲೆ ನನಗಿದ್ದ ಗೌರವ ಅರ್ಧಕ್ಕಿಳಿದಿತ್ತು.

ಆಮೇಲೆ ಚೀಟಿ ಬಂತು. ಪರೀಕ್ಷೆ ಮಾಡಿಸಿಕೊಂಡವನ ಕೈಗೆ ಮೂರು ಚೀಟಿ ಕೊಡುವುದು. ಅದರ ಮೇಲೆ ಹೆಸರಿಲ್ಲ, ಬರೀ ಅಂಕಿ. ಯಾರ ಜೊತೆ ಒಂದೇ ಸೂಜಿ ಹಾಕಿಕೊಂಡಿದ್ದನೋ ಅವರಿಗೆ ಮೊದಲು, ಹಾಗೆ ಯಾರೂ ಇಲ್ಲವೆಂದರೆ ಪರಿಚಯದವರಿಗೆ ಅವನೇ ಮುಟ್ಟಿಸಬೇಕು. ಅವರು ಬಂದರೆ ಅವರಿಗೂ ಮೂರು. ನನಗೆ ಇದರಲ್ಲಿ ನಂಬಿಕೆ ಇರಲಿಲ್ಲ. ಆದರೆ ಬೆಟಗೇರಿಯ ಚೀಟಿ ಶಿರಹಟ್ಟಿಗೆ ಹೋಯಿತು, ಅಲ್ಲಿಂದ ಮುಂಡರಗಿಗೆ. ಮಗ್ಗದವರು, ಹಮಾಲರು, ಒಬ್ಬ ಶಾಲೆಯ ಮಾಸ್ತರ ಸಹ ಗಿರಣಿಯ ಸಂದಿಯಿಂದ ಬಂದು, ಚೀಟಿಯನ್ನು ಮುಂದೆ ಹಿಡಿದು ಮುಖವನ್ನು ಆಚೆ ತಿರುಗಿಸಿ ನಿಲ್ಲುತ್ತಿದ್ದರು.

ಹಾಗೆ ಬಂದವರಲ್ಲಿ ಒಬ್ಬ ಆಟೋದವನು. ಸೂಜಿ ಬಿಟ್ಟು ವರ್ಷವಾಗಿತ್ತು. ರಕ್ತದಲ್ಲಿ ಎಚ್‌ಐವಿ ಇದೆ ಎಂದು ನಾನು ಹೇಳಿದಾಗ, "ನಿಮ್ಮ ಕಡೆ ನನಗ ಏನರ ಕೆಲಸ ಐತೇನ್ರಿ ಅಕ್ಕಾರ?" ಎಂದು ಕೇಳಿದ. ಅಳುವವರನ್ನು ಕಂಡಿದ್ದೆ, ಬೈಯುವವರನ್ನು ಕಂಡಿದ್ದೆ. ಕೆಲಸ ಕೇಳಿದವನು ಇವನೊಬ್ಬನೇ. ಸರಕಾರಿ ದವಾಖಾನೆಯಲ್ಲಿ ಗುಳಿಗೆ ಶುರುಮಾಡಿಸಿ, ನಮ್ಮಲ್ಲೇ ಇಟ್ಟುಕೊಂಡೆವು. ನಾನು ಒಂದು ವಾರ ತಲೆ ಕೆಡಿಸಿಕೊಂಡರೂ ಸಿಗದವರನ್ನು ಅವನು ಒಂದು ಚಹಾ ಮುಗಿಯುವುದರೊಳಗೆ ಕರೆತರುತ್ತಿದ್ದ.

ಇನ್ನು ನನ್ನ ಜಾಣತನದ ಮಾತು. ನಮ್ಮ ಫಾರ್ಮಿನಲ್ಲಿ ಒಂದು ಪ್ರಶ್ನೆ ಇತ್ತು: "ಬಳಸಿದ ಸೂಜಿಯನ್ನು ಇತರರೊಂದಿಗೆ ಹಂಚಿಕೊಂಡಿದ್ದೀರಾ?" ನಮ್ಮ ಕಡೆ ಹಂಚಿಕೊಳ್ಳುವುದೆಂದರೆ ಹೊಲ, ಮನೆ. ಸೂಜಿಯನ್ನು ಯಾರು ಹಂಚಿಕೊಳ್ಳುತ್ತಾರೆ? ಅವರು ಕಕ್ಕಾಬಿಕ್ಕಿಯಾಗುತ್ತಿದ್ದರು. ಅದಕ್ಕೆ ನಾನೇ ಪ್ರಶ್ನೆಯನ್ನು ತಿರುಗಿಸಿದೆ: "ಯಾರದರ ಎಂಜಲಾ ಸೂಜಿ ಚುಚ್ಚಿಗೊಂಡೀರೇನು? ನಿಮ್ಮ ಎಂಜಲಾ ಯಾರಿಗರ ಕೊಟ್ಟೀರೇನು?" ಎಲ್ಲರಿಗೂ ತಟ್ಟನೆ ತಿಳಿಯಿತು. ಬಹಳ ಮಂದಿ "ಛೇ, ಇಲ್ರಿ" ಎಂದರು. ಆಟೋದವನೂ ಹಾಗೇ ಅಂದಿದ್ದ. ನಾನು "ಇಲ್ಲ" ಎಂದು ಗೀಚುತ್ತ ಹೋದೆ. ಗದಗಿನ ಮೀಟಿಂಗಿನಲ್ಲಿ ಈ ಪ್ರಶ್ನೆಯ ಬಗ್ಗೆ ಎದೆಯುಬ್ಬಿಸಿ ಹೇಳಿಕೊಂಡೂ ಬಂದೆ. ಈಗ ಅದನ್ನು ನೆನೆದರೆ ನನಗೇ ನಾಚಿಕೆಯಾಗುತ್ತದೆ.

ಒಂದು ವರ್ಷದ ಮೇಲೆ ನಾವಿಬ್ಬರೂ ಡೋಣಿಗೆ ಹೋಗುವ ಬಸ್ಸಿಗಾಗಿ ಮುಂಡರಗಿಯ ನಿಲ್ದಾಣದಲ್ಲಿ ಕೂತಿದ್ದೆವು. ಅವನ ಹತ್ತಿರ ಒಂದು ಪೇರಲ ಹಣ್ಣಿತ್ತು. ಕೊಯ್ಯಲು ಚಾಕು ಇಲ್ಲ. ಹಣ್ಣನ್ನು ಅಂಗಿಯ ಚುಂಗಿನಲ್ಲಿ ಸುತ್ತಿ, ಬಟ್ಟೆಯ ಮೇಲಿಂದಲೇ ಕಚ್ಚಿ ಮುರಿದು ಅರ್ಧ ನನಗೆ ಕೊಟ್ಟ.

"ತಗೋರಿ, ಎಂಜಲಲ್ಲ. ಗುಬ್ಬಿ ಎಂಜಲಾ."

ಚಿಕ್ಕವಳಿದ್ದಾಗ ಪೆಪರಮೆಂಟಿನಿಂದ ಹಿಡಿದು ಮಾವಿನಕಾಯಿಯವರೆಗೆ ನಾವೂ ಹೀಗೆಯೇ ಲಂಗದ ಅಂಚಿನಲ್ಲಿಟ್ಟು ಕಚ್ಚಿ ಕೊಡುತ್ತಿದ್ದೆವು. ನಡುವೆ ಬಟ್ಟೆ ಬಂದರೆ ಎಂಜಲಲ್ಲ, ಮಡಿಯ ಅಜ್ಜಿ ಕೂಡ ಏನೂ ಅನ್ನುತ್ತಿರಲಿಲ್ಲ. ನಕ್ಕು ತಿನ್ನತೊಡಗಿದೆ.

"ಸೂಜೀನೂ ಹಿಂಗ ಮಾಡತಿದ್ದಿವಿ ನೋಡ್ರಿ," ಎಂದ ಅವನು, ಹಣ್ಣು ಅಗಿಯುತ್ತ. "ನಾ ಹಾಕ್ಕೊಂಡ ಮ್ಯಾಲ ಅಂಗಿ ಚುಂಗಿಲೆ ಒರಿಸಿ ಗೆಳ್ಯಾಗ ಕೊಡತಿದ್ದೆ. ಒಮ್ಮಿನೂ ಎಂಜಲಾ ಸೂಜಿ ಕೊಟ್ಟಾಂವಲ್ಲ."

ನನ್ನ ಬಾಯಿಯಲ್ಲಿದ್ದ ತುಂಡು ಅಲ್ಲೇ ನಿಂತಿತು. "ಯಾವ ಗೆಳ್ಯಾಗ?" ಎಂದೆ.

"ಲಕ್ಷ್ಮೇಶ್ವರದಾಂವ್ರಿ. ಅಂವಾ ಯಾವಾಗೋ ಬಿಟ್ಟಾನ. ಯುಗಾದಿ ಮ್ಯಾಲ ಮದಿವಿನೂ ಆತು. ಚಲೋ ಇರಾಂವಗ ಯಾಕ ಚೀಟಿ ಕೊಡೂದಂತ ಬಿಟ್ಟೆ."

ಒರೆಸಿದರೆ ರೋಗ ಹೋಗುವುದಿಲ್ಲ, ಅದು ಸೂಜಿಯ ತೂತಿನೊಳಗಿನ ರಕ್ತದಲ್ಲಿರುತ್ತದೆ ಎಂದು ಹೇಳಿದೆ. ನನ್ನ ದನಿ ಏರಿತ್ತು. ಸಿಟ್ಟು ಅವನ ಮೇಲಲ್ಲ. ನಾನು ಕೇಳಿದ ಪ್ರಶ್ನೆಗೆ ಅವನು ಖರೆ ಉತ್ತರ ಕೊಟ್ಟಿದ್ದ. ನಾನು ಎಂಜಲೇ ಎಂದು ಕೇಳಿದ್ದೆ, ಅವನು ಎಂಜಲಲ್ಲ ಎಂದಿದ್ದ. ಅವನು ಕೈಯಲ್ಲಿದ್ದ ಹಣ್ಣನ್ನು ಬೆಂಚಿನ ಮೇಲಿಟ್ಟ. ಡೋಣಿಯ ಬಸ್ಸು ಬಂತು, ಹೋಯಿತು. ನಾವು ಲಕ್ಷ್ಮೇಶ್ವರದ ಬಸ್ಸು ಹತ್ತಿದೆವು.

ಗೆಳೆಯ ಕಿರಾಣಿ ಅಂಗಡಿ ಇಟ್ಟಿದ್ದ. ಬರೀ ಚೀಟಿ ಕೊಟ್ಟರೆ ಸಾಕು, ನಿನ್ನ ಸುದ್ದಿ ಹೇಳಬೇಕೆಂದಿಲ್ಲ ಎಂದು ದಾರಿಯಲ್ಲಿ ಆಟೋದವನಿಗೆ ಹೇಳಿದ್ದೆ. ಅವನು ಕೇಳಲಿಲ್ಲ. ಅಂಗಡಿಯ ಹಿಂದೆ, ಜೋಳದ ಚೀಲಗಳ ನಡುವೆ ನಿಂತು, "ನನಗ ಎಚ್‌ಐವಿ ಐತಿ. ನಾವಿಬ್ಬರೂ ಒಂದ ಸೂಜಿ ಹಾಕ್ಕೊಂಡೀವಿ. ಪರೀಕ್ಷಾ ಮಾಡಿಸ್ಕೋಲೇ," ಎಂದ. ಗೆಳೆಯ ಮೊದಲು ನಕ್ಕ. ಆಮೇಲೆ ನಮ್ಮಿಬ್ಬರ ಮುಖವನ್ನೂ ನೋಡಿ ನಗು ನಿಲ್ಲಿಸಿದ.

ಅವನ ರಕ್ತದಲ್ಲೂ ಇತ್ತು. ಯಾರಿಂದ ಯಾರಿಗೆ ಬಂತೆಂದು ರಕ್ತ ಹೇಳುವುದಿಲ್ಲ. ಅದನ್ನು ಇಬ್ಬರಿಗೂ ಸಾರಿ ಸಾರಿ ಹೇಳಿದೆ, ಇಬ್ಬರೂ ನಂಬಲಿಲ್ಲ. ಗೆಳೆಯನ ಹೆಂಡತಿ ಮೂರು ತಿಂಗಳ ಬಸುರಿ. ತಾಯಿ ಕಾರ್ಡು ಇನ್ನೂ ಮಾಡಿಸಿರಲಿಲ್ಲ, ಹಾಗಾಗಿ ರಕ್ತದ ಪರೀಕ್ಷೆಯೂ ಆಗಿರಲಿಲ್ಲ. ಗಂಡ ತಾನೇ ಅವಳಿಗೆ ಹೇಳಿ, ನಾಲ್ಕನೆಯ ದಿನ ಗಿರಣಿಯ ಹಿಂದಿನ ಕೋಣೆಗೆ ಕರೆತಂದ. ಅವಳಿಗೂ ಸೋಂಕು ತಗುಲಿತ್ತು.

ಮಗುವಿನ ಮಾತನ್ನು ಈಗಲೇ ಹೇಳಿಬಿಡುತ್ತೇನೆ. ಅವಳು ಒಂದು ದಿನವೂ ತಪ್ಪದೆ ಗುಳಿಗೆ ನುಂಗಿದಳು, ಹುಟ್ಟಿದ ಹೆಣ್ಣುಮಗುವಿಗೆ ರೋಗ ದಾಟಲಿಲ್ಲ. ಅಷ್ಟರಿಂದ ನನಗೆ ನೆಮ್ಮದಿ ಸಿಕ್ಕಿತೆಂದು ಯಾರೂ ತಿಳಿಯಬಾರದು. ಪ್ರಶ್ನೆಯನ್ನು ನಾನು ಆಗಲೇ ಬದಲಿಸಿದ್ದೆ. "ಒಂದ ಸೂಜಿ ಇಬ್ಬರ ಮೈಯಾಗ ಹೋಗಿತ್ತೇನು? ಒರಿಸಿದ್ದರೂ ಹೇಳ್ರಿ, ತೊಳದಿದ್ದರೂ ಹೇಳ್ರಿ," ಎಂದು ಹಳಬರನ್ನು ಮತ್ತೆ ಕೇಳಿದರೆ, ಹಳೆಯ ಫಾರ್ಮುಗಳ "ಇಲ್ಲ"ಗಳು ಒಂದೊಂದೇ "ಹೌದು" ಆದವು. ಕರೆಯದೇ ಬಿಟ್ಟ ಮಂದಿಗೆಲ್ಲ ಚೀಟಿ ಕಳಿಸಿದೆವು. ಬಂದವರು ಬಂದರು. ಕೆಲವರು ಸಿಗಲೇ ಇಲ್ಲ.

ಗೆಳೆಯನ ಹೆಂಡತಿಗೆ ಫಲಿತಾಂಶ ಹೇಳಿದ ದಿನ ಗಿರಣಿ ಬಂದ್ ಇತ್ತು. ಕೋಣೆಯಲ್ಲಿ ಗಂಡ ಹೆಂಡತಿ, ಆಟೋದವನು, ನಾನು, ನಾಲ್ವರೇ. ಅವಳು ಅಳಲಿಲ್ಲ. ಸೆರಗನ್ನು ಸರಿಮಾಡಿಕೊಂಡು ನನ್ನನ್ನೇ ನೋಡಿದಳು.

"ಅಕ್ಕಾರ, ಇವರಿಗೆ ಐತಿ ಅಂತ ಮದಿವಿಗಿಂತ ಮೊದಲ ಗೊತ್ತಾಗತಿತ್ತೇನ್ರಿ?"

ಆಟೋದವನು "ತಂಗಿ, ಅದು ನನ್ನ..." ಎಂದು ಶುರುಮಾಡಿದ. ಅವನನ್ನು ತಡೆದೆ.

"ಗೊತ್ತಾಗತಿತ್ತವ್ವಾ," ಎಂದೆ. "ಕೇಳಬೇಕಾದಾಕಿ ನಾನು. ನನಗ ಸರಿಯಾಗಿ ಕೇಳಾಕ ಬರಲಿಲ್ಲ."

ಅವಳು ದನಿ ಏರಿಸದೆಯೇ ಹೇಳಿದಳು:

"ನನಗೂ ಕೇಳೂದಿತ್ರಿ. ಹುಡುಗ ಹೆಂಗದಾನ, ಏನ ಚಟ ಐತಿ ಅಂತ. ಹೆಣ್ಣಹುಡುಗಿ ಬಾಯಿ ಮುಚ್ಕೊಂಡ ಕುಂಡ್ರು ಅಂದ್ರು ಮನ್ಯಾಗ. ನಿಮಗರ ಕೇಳ್ರಿ ಅಂತನ ಇಲ್ಲಿ ಕುಂಡ್ರಿಸಿದ್ರಲ್ಲರಿ."