ಅತ್ತೆ ನಿಂತ ಜಾಗ

ಹೋದ ವಾರ ನಮ್ಮ ಅತ್ತೆ ಹಾಡಿನ ನಡುವೆ ಗಕ್ಕನೆ ನಿಂತು, ಮತ್ತೆ ಮುಂದುವರಿಸಿದರು. ಕೇಳುತ್ತಿದ್ದ ಓಣಿಯ ಹೆಂಗಸರು ತಲೆದೂಗಿದರು. ನನಗೆ ಮಾತ್ರ ಹೆದರಿಕೆಯಾಯಿತು.

ಯಾಕೆ ಅಂತೀರಾ?

ಅತ್ತೆ ಅಂದರೆ ನನ್ನ ತಂದೆಯ ಅಕ್ಕ, ಮಾನ್ವಿಯಲ್ಲಿದ್ದಾರೆ. ದಾಸರ ಕಾಲದ ಸುಳಾದಿ ಹಾಡುಗಳನ್ನು ನಮ್ಮ ಮನೆತನದ ಧಾಟಿಯಲ್ಲಿ ಹಾಡಬಲ್ಲವರು ಈಗ ಅವರೊಬ್ಬರೇ. ಆ ಧಾಟಿಯ ಗುರುತುಗಳು ತಾಳೆಗರಿಗಳಲ್ಲಿವೆ. ಅಕ್ಷರದ ಮೇಲೆ ಗೆರೆ ಇದ್ದರೆ ಎಳೆಯಬೇಕು, ಚುಕ್ಕೆ ಇದ್ದರೆ ನಿಲ್ಲಬೇಕು. ನಾನು ಗರಿಗಳನ್ನು ರಾಯಚೂರಿಗೆ ತಂದು, ಕರಿ ಬಟ್ಟೆಯ ಮೇಲಿಟ್ಟು ಫೋಟೋ ತೆಗೆದು, ಒಂದೊಂದೇ ಗುರುತನ್ನು ಕಂಪ್ಯೂಟರಿಗೆ ಹಾಕಿದೆ. ಬಟನ್ ಒತ್ತಿದರೆ ಹಾಡು ಬರುತ್ತದೆ. (ತಡೆಯಲಾರದೆ ಭಜನೆಯವರ ವಾಟ್ಸಾಪ್ ಗ್ರೂಪಿಗೂ ಹಾಕಿದೆ. ನನ್ನ ಚಪಲ ನಿಮಗೆ ಗೊತ್ತೇ ಇದೆ.)

ಅತ್ತೆಗೂ ಕೇಳಿಸಿದ್ದೆ.

"ಇಲ್ಲಿ ನಿಲ್ಲತದಲ್ಲಪಾ? ನಾ ನಿಲ್ಲಂಗಿಲ್ಲ."

"ಗರಿಯಾಗ ಚುಕ್ಕಿ ಅದ ಅತ್ಯಾ."

"ಹೌದಾ? ಹಿರ್ಯಾರು ಬರದದ್ದು ಸುಳ್ಳಾಗತದೇನು? ನಾನ ಮರತಿರಬೇಕು."

ಅಂದಿನಿಂದ ದಿನಾ ಪೂಜೆಯ ಹೊತ್ತಿಗೆ ಅಲ್ಲಿ ನಿಂತು ನಿಂತು ರೂಢಿ ಮಾಡಿಕೊಂಡರು.

ಹೋದ ವಾರ ಗರಿಗಳನ್ನು ವಾಪಸ್ ಕೊಡಲು ಮಾನ್ವಿಗೆ ಹೋದೆ. ಕಿಟಕಿಯ ಬಳಿ ಕೂತು ಒಂದೊಂದೇ ಗರಿ ಎತ್ತಿ ಜೋಡಿಸಿ ಕಟ್ಟುತ್ತಿದ್ದೆ. ಆ ಚುಕ್ಕೆಯಿಂದ ಬಿಸಿಲು ತೂರಿ ಬಂತು. ಚುಕ್ಕೆಯಿಂದ ಬಿಸಿಲು ಬರುತ್ತದೆಯೇ? ಅದರ ಕೆಳಗಿನ ಗರಿ ಎತ್ತಿದೆ. ಅದೇ ಜಾಗ, ಅದೇ ಬಿಸಿಲು. ಹುಳ ಕೊರೆದ ತೂತು! ಕೆಳಗಿದ್ದ ಕರಿ ಬಟ್ಟೆ ಅದನ್ನು ಚುಕ್ಕೆ ಮಾಡಿತ್ತು. ಅದೇ ಹೊತ್ತಿಗೆ ಒಳಗೆ ಓಣಿಯ ಹೆಂಗಸರ ಮುಂದೆ ಅತ್ತೆ ಹಾಡುತ್ತ ಅಲ್ಲೇ ನಿಂತರು.

ಗಾಬರಿಯಲ್ಲಿ ಗ್ರೂಪಿಗೆ ತಿದ್ದುಪಡಿ ಕಳಿಸಿದೆ. ದೇವದುರ್ಗದ ಜಾಲಹಳ್ಳಿಯಿಂದ ಭಜನಾ ಮಂಡಳಿಯ ಹೆಣ್ಣುಮಗಳೊಬ್ಬರು ಫೋನ್ ಮಾಡಿದರು. "ಅದನ್ಯಾಕ ತಗಿಯಾಕತ್ತೀರಿ? ನಾವೆಲ್ಲಾ ಹಂಗ ಕಲತೀವಿ. ಆ ನಿಲ್ಲೋ ಜಾಗನ ಭಾಳ ಛಂದ ಅದರೀ."

ಹೆದರಿಕೆ ಇನ್ನೂ ಹೆಚ್ಚಾಯಿತು. ಹೆಂಗಸರೆಲ್ಲ ಹೋದ ಮೇಲೆ ಅತ್ತೆಗೆ ಹೇಳಿದೆ. ನಕ್ಕರು. "ಹುಳದ ಮಾತು ಕೇಳಿದ್ನಲ್ಲೋ" ಅಂದು ಹಾಡಲು ಶುರು ಮಾಡಿದರು. ಅಲ್ಲೇ ನಿಂತರು. ಮತ್ತೆ ಮೊದಲಿನಿಂದ ಎತ್ತಿಕೊಂಡರು. ಈ ಸಲ ಆ ಜಾಗ ಬರುವ ಮೊದಲೇ ತಡವರಿಸಿದರು. ಮುಖದ ನಗು ಹೋಯಿತು.

"ಮೊದಲ ನಾ ಹೆಂಗ ಹಾಡತಿದ್ದೆ? ನೀನಾರ ಹೇಳಪಾ."

ನನ್ನ ಫೋನಿನ ತುಂಬಾ ಗರಿಗಳ ಫೋಟೋ ಇವೆ. ಅತ್ತೆಯ ಹಾಡು ಒಂದೂ ಇಲ್ಲ. ಗರಿ ಇದೆಯಲ್ಲ, ಅತ್ತೆಯನ್ನು ಯಾಕೆ ರೆಕಾರ್ಡ್ ಮಾಡಬೇಕು ಅಂದುಕೊಂಡಿದ್ದೆ.

ಗರಿ ನೋಡಿ ಫೈಲನ್ನೇನೋ ತಿದ್ದಿದೆ. ಅತ್ತೆಯನ್ನು ಯಾವುದನ್ನು ನೋಡಿ ತಿದ್ದಲಿ?