ಮಕ್ಕಿಗೆ ಮೆತ್ತಿದ ಬೆಲ್ಲ

ನಿಮ್ಮಲ್ಲಿ ಯಾರಾದರೂ ಕೋವಿಗೆ ಬೆಲ್ಲ ತಿನ್ನಿಸಿದ್ದೀರಾ? ಇಲ್ಲ ತಾನೇ? ನಾನು ತಿನ್ನಿಸಿದ್ದೇನೆ. ಈ ವಯಸ್ಸಿಗೂ ನಿನಗೆ ಬುದ್ಧಿ ಬಂದಿಲ್ಲ ಅಂತ ಮಗಳು ಬೈಯುವುದು ಸುಮ್ಮನೆ ಅಲ್ಲ.

ಈಗ ನಾನಿರುವುದು ಮಲೇಷ್ಯಾದ ಪುಚೊಂಗ್‌ನಲ್ಲಿ, ಆ ಮಗಳ ಮನೆಯಲ್ಲೇ. ನಾಲ್ಕು ದಿನ ಇದ್ದು ಹೋಗೋಣ ಅಂತ ಬಂದವಳು ಲಾಕ್‌ಡೌನಿನಲ್ಲಿ ಸಿಕ್ಕಿಬಿದ್ದೆ. ವಿಮಾನವಿಲ್ಲ. ಊರಿಗೆ ಹೋಗಿ ಮಾಡಿಸಬೇಕಿದ್ದ ಕಣ್ಣಿನ ಪೊರೆಯ ಆಪರೇಷನ್ ಅಲ್ಲೇ ಉಳಿಯಿತು, ಇಲ್ಲಿನವರನ್ನು ಕೇಳಿದರೆ ಅರ್ಜೆಂಟ್ ಅಲ್ಲವಲ್ಲ, ಮುಂದೆ ನೋಡೋಣ ಅನ್ನುತ್ತಾರೆ. ಬಾಲ್ಕನಿಯಲ್ಲಿ ನಿಂತರೆ ಖಾಲಿ ಎಲ್‌ಆರ್‌ಟಿ ಹೋಗುವ ಸದ್ದು ಕೇಳುತ್ತದೆ, ರೈಲು ಮಾತ್ರ ಮಂಜಿನೊಳಗೆ ಹೋದ ಹಾಗಿರುತ್ತದೆ. ಇಲ್ಲಿನವರ ಹಾಗೆ ಮಾತಿನ ಕೊನೆಗೆ 'ಲಾ' ಸೇರಿಸುವ ಮೊಮ್ಮಗಳು ದಿಯಾ ನನ್ನ ಫೋನಿನಲ್ಲಿ ಅಕ್ಷರ ದಪ್ಪ ಮಾಡಿಕೊಟ್ಟು, ಒಂದು ಬೆರಳಿನಲ್ಲಿ ಟೈಪ್ ಮಾಡುವುದು ಕಲಿಸಿದ್ದಾಳೆ. ಒತ್ತಕ್ಷರ ಹುಡುಕುವಷ್ಟರಲ್ಲಿ ಹೇಳಬೇಕಾದ್ದೇ ಮರೆತುಹೋಗುತ್ತದೆ. ತಪ್ಪಿದ್ದರೆ ಅವಳನ್ನೇ ಕೇಳಿ.

ಮೊನ್ನೆ ಆನ್‌ಲೈನ್ ಕ್ಲಾಸು ಮುಗಿಸಿ ಆಟಕ್ಕೆ ಕೂತವಳು ತನ್ನ ಫೋನನ್ನು ನನ್ನ ಮೂಗಿಗೆ ಹಿಡಿದಳು. ಪರದೆಯ ಮೇಲೊಂದು ಗಿಡ್ಡ ಬಂದೂಕು. ಗುರಿ ನೋಡಲು ಅದರ ಮೇಲೆ ಕೂರಿಸುವ ದುರ್ಬೀನು, ಕೆಂಪು ಚುಕ್ಕಿ, ಉಂಗುರ ಅಂತ ಬಗೆಬಗೆಯವು. "ವಿಚ್ ಒನ್, ಅಜ್ಜಿ?" ಅಂದಳು. ನನ್ನ ಕಣ್ಣು ಹೋದದ್ದು ಬಂದೂಕಿನ ಕೆಳಗಿದ್ದ, ಬೆರಳು ತೂರಿಸುವ ದೊಡ್ಡ ಹಿಡಿಯ ಮೇಲೆ. ಇದು ನಮ್ಮ ಗಿಡ್ಡಿ ಅಲ್ಲವೇ ಅನ್ನಿಸಿತು.

ಆ ಕಾಲಕ್ಕೆ ಕೊಡಗಿನ ನಮ್ಮ ಸೋಮವಾರಪೇಟೆ ಕಡೆ ಮನೆಗೊಂದು ನಾಯಿ ಇದ್ದ ಹಾಗೆ ಮನೆಗೊಂದು ಕೋವಿಯೂ ಇರುತ್ತಿತ್ತು. ಉಳಿದವರದೆಲ್ಲ ಉದ್ದದ ಕೋವಿ. ನಮ್ಮದು ಗಿಡ್ಡ ನಳಿಗೆಯ ಕಾರ್ಬೈನು. ಫೌಜಿನಿಂದ ಬಂದ ಮೇಲೆ ಅಪ್ಪ, ತೋಟ ಮಾರಿ ಹೊರಟಿದ್ದ ಒಬ್ಬ ಬಿಳಿ ದೊರೆಯಿಂದ ಕೊಂಡದ್ದು. ಹಿಡಿಯನ್ನು ಕೆಳಗೆಳೆದು ಮೇಲೊತ್ತಿದರೆ ಖಾಲಿ ತೋಟಾ ಚಕ್ಕಂತ ಮೇಲಕ್ಕೆ ಹಾರಿ, ಹೊಸದು ಒಳಗೆ ಕೂರುತ್ತಿತ್ತು. ಗಿಡ್ಡಿ ಅಂತ ಹೆಸರಿಟ್ಟವಳು ನಾನೇ. ಎಣ್ಣೆ ಬಟ್ಟೆಯಲ್ಲಿ ಅದನ್ನು ಒರೆಸುವಾಗ ಬರುತ್ತಿದ್ದ ವಾಸನೆಯನ್ನು ಅಪ್ಪನ ಮೈವಾಸನೆ ಅಂದುಕೊಂಡಿದ್ದೆ.

ನಾಟಿ ಮುಗಿದು ಕೈಲ್ ಮುಹೂರ್ತದ ಹಬ್ಬ ಬಂತೆಂದರೆ ಕೋವಿಗೆ ಪೂಜೆ. ಅದರ ಮೂತಿಗೆ ಬೆಂಕಿಯ ಬಣ್ಣದ ತೋಕ್ ಹೂ ಸಿಗಿಸುತ್ತಿದ್ದರು. ಒಳಗೆ ಅವ್ವ ಹಂದಿ ಸಾರಿಗೆ ಮೆಣಸು ಹುರಿದರೆ ಅಂಗಳದಲ್ಲಿದ್ದವರಿಗೂ ಸೀನು. ನಾವು ಮಕ್ಕಳು ಬಿದಿರಿನ ಪೆಟ್ಲಿಗೆ ಹಸಿ ಕಾಯಿ ತುರುಕಿ ಒಬ್ಬರ ಬೆನ್ನಿಗೊಬ್ಬರು ಹೊಡೆದುಕೊಳ್ಳುತ್ತಿದ್ದೆವು. ಮಧ್ಯಾಹ್ನ ಊರ ಬಯಲಿನ ಮರಕ್ಕೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುವ ಪಂದ್ಯ, ಮನೆಗೊಬ್ಬರಂತೆ. ನಮ್ಮ ಮನೆಯಿಂದ ಯಾವಾಗಲೂ ಅಪ್ಪನೇ. ಅಪ್ಪನ ಗುಂಡಿಗೆ ಒಡೆಯದ ಕಾಯಿಯನ್ನು ನಾನು ನೋಡಿಯೇ ಇರಲಿಲ್ಲ.

ಆ ವರ್ಷ ಹಬ್ಬ ಇನ್ನೂ ದೂರವಿದ್ದಾಗಲೇ ಅಪ್ಪ ಜಗಲಿಯಲ್ಲಿ ಕೂತು ಗಿಡ್ಡಿಯನ್ನು ಎತ್ತುವುದು, ಇಳಿಸುವುದು, ಕಣ್ಣುಜ್ಜಿಕೊಳ್ಳುವುದು ಶುರುವಾಯಿತು. ಯಾಕೆ ಅಂತ ಕೇಳಿದೆ.

"ಮಕ್ಕಿ ಕಾಣ್ತಿಲ್ಲ ಕಣವ್ವ" ಅಂದ.

ಅಪ್ಪನ ಮಾತಿನಲ್ಲಿ ಅರ್ಧ ಫೌಜಿನ ಹಿಂದಿ. ಹೋಗಿ ಅವ್ವನನ್ನು ಕೇಳಿದರೆ, ಮಕ್ಕಿ ಅಂದರೆ ನೊಣ ಅಂದಳು. ನೊಣ ಕಾಣದ್ದಕ್ಕೆ ಇಷ್ಟೊಂದು ಕೊರಗೇ? ಅಡುಗೆಮನೆಯಿಂದ ಬೆಲ್ಲದ ಚೂರು ಎತ್ತಿಕೊಂಡು, ಎಂಜಲಲ್ಲಿ ನೆನೆಸಿ, ಗಿಡ್ಡಿಯ ಮೂತಿಗೆ ಚೆನ್ನಾಗಿ ಮೆತ್ತಿದೆ. ನೊಣ ಬಂತು. ಹಿಂದೆಯೇ ಇರುವೆಯ ಸಾಲೂ ಬಂತು.

"ಈಗ ನೋಡಪ್ಪ, ಬೇಕಾದಷ್ಟು ಮಕ್ಕಿ" ಅಂದೆ.

ಅಪ್ಪ ನಕ್ಕ ನಗುವಿಗೆ ಕೊಟ್ಟಿಗೆಯ ಕರು ಬೆದರಿತು. ನಕ್ಕು ಮುಗಿಸಿ, ಕೋವಿಯ ತುದಿಯಲ್ಲಿ ನೊಣದಷ್ಟೇ ಇದ್ದ ಒಂದು ಕಬ್ಬಿಣದ ಗುಬಟನ್ನು ನನ್ನ ಬೆರಳಿಗೆ ಮುಟ್ಟಿಸಿದ. ಫೌಜಿನಲ್ಲಿ ಅದಕ್ಕೇ ಮಕ್ಕಿ ಅನ್ನುವುದಂತೆ. ಹಿಂದಿನ ಕಚ್ಚಿನೊಳಗೆ ಮಕ್ಕಿ ಕಾಣಬೇಕು, ಮಕ್ಕಿಯ ಮೇಲೆ ಕಾಯಿ ಕೂರಬೇಕು, ಅದು ಗುರಿ. ಅಷ್ಟು ಹೇಳುವಾಗ ಇರುವೆಗಳು ಅಪ್ಪನ ಮೊಣಕೈವರೆಗೂ ಹತ್ತಿದ್ದವು.

ಬಾಗಿಲಲ್ಲಿ ನಿಂತಿದ್ದ ಅವ್ವ ಕೇಳಿದಳು, "ಇರುವೆ ಮುತ್ತಿರೋದಾದ್ರೂ ಕಾಣ್ತದಾ ನಿಮ್ಗೆ?"

ಅಪ್ಪ ಕೈ ಕೊಡವಿಕೊಂಡ.

ಮೈಸೂರಿನ ಡಾಕ್ಟರು ನೋಡಿ, ಪೊರೆ ಇನ್ನೂ ಬಲಿತಿಲ್ಲ, ಬಲಿಯುವ ತನಕ ಕಾಯಬೇಕು ಅಂದರು. ಆಗೆಲ್ಲ ಹಾಗೆಯೇ, ಹಲಸಿನ ಕಾಯಿಯ ಹಾಗೆ ಕಣ್ಣು ಕೂಡ ಹಣ್ಣಾಗಬೇಕಿತ್ತು. ಕಣ್ಣಿಗೆ ಮಾಡುವುದೇನೂ ಇಲ್ಲ ಅಂತಾದ ಮೇಲೆ ಗಿಡ್ಡಿಗಾದರೂ ಏನಾದರೂ ಮಾಡೋಣ ಅಂತ ಮನೆಯವರೆಲ್ಲ ಹೊರಟೆವು.

ಚಿಕ್ಕಪ್ಪ ಎಲ್ಲಿಂದಲೋ ಒಂದು ದುರ್ಬೀನು ತಂದ. ನಾನು ಕಣ್ಣಿಟ್ಟರೆ ಹಲಸಿನ ಮರದ ಅಳಿಲಿನ ಮೀಸೆ ಕಂಡಿತು. ಅಪ್ಪನೂ ಇಟ್ಟು ನೋಡಿದ.

"ಮೊದ್ಲು ಸಣ್ಣ ಮಂಜು ಕಾಣ್ತಿತ್ತು, ಈಗ ದೊಡ್ಡ ಮಂಜು ಕಾಣ್ತದೆ" ಅಂದ.

ಚಿಕ್ಕಪ್ಪ ಬಿಡಲಿಲ್ಲ, ಅದನ್ನು ಕೋವಿಯ ಬೆನ್ನಿಗೆ ತಂತಿಯಲ್ಲಿ ಬಿಗಿದ. ಮೇಲಕ್ಕೆ ಹಾರಬೇಕಿದ್ದ ಖಾಲಿ ತೋಟಾ ದುರ್ಬೀನಿಗೆ ಬಡಿದು ಅಲ್ಲೇ ಕಚ್ಚಿಕೊಂಡಿತು. ಪಕ್ಕಕ್ಕೆ ಕೂರಿಸೋಣ ಅಂದರೆ ಉಕ್ಕಿಗೆ ತೂತು ಕೊರೆಯಬೇಕು, ಅದಕ್ಕೆ ಅಪ್ಪ ಒಪ್ಪಲಿಲ್ಲ.

ಆಮೇಲೆ ಹಿಂದಿನ ಕಚ್ಚಿನ ಜಾಗಕ್ಕೆ ಸಣ್ಣ ತೂತಿನ ಉಂಗುರ ಬಂತು. ಬಿಸಿಲಿದ್ದ ದಿನ ಅದರಲ್ಲಿ ನೋಡಿ ಅಪ್ಪ ಬೇಲಿಯ ಮೇಲಿನ ತಗಡಿನ ಡಬ್ಬಿ ಹಾರಿಸಿದ. ನಾವೆಲ್ಲ ಗೆದ್ದೆವು ಅಂದುಕೊಂಡೆವು. ಮೋಡ ಕವಿದದ್ದೇ ಉಂಗುರದೊಳಗೆ ಕತ್ತಲು. ಹಬ್ಬ ಬರುವುದೇ ಮೋಡದ ತಿಂಗಳಲ್ಲಿ, ಬಿಸಿಲನ್ನು ಯಾರ ಮನೆಯಿಂದ ಕೇಳಿ ತರುವುದು?

ಕೊನೆಗೆ ಹಬ್ಬದ ಬೆಳಿಗ್ಗೆ ಅವ್ವ ಉಂಗುರ ತೆಗೆಸಿ, ತನ್ನ ಎಲೆಯಡಿಕೆ ತಟ್ಟೆಯ ಸುಣ್ಣವನ್ನು ಕಿರುಬೆರಳಲ್ಲಿ ತೆಗೆದು ಮಕ್ಕಿಗೆ ಬೊಟ್ಟಿಟ್ಟಳು. ಕಪ್ಪು ಗಿಡ್ಡಿಗೆ ಬೆಳ್ಳಿಯ ಮೂಗುಬೊಟ್ಟು ಇಟ್ಟ ಹಾಗಾಯಿತು. ಅಪ್ಪ ಎತ್ತಿ ನೋಡಿ, ಮಕ್ಕಿ ಕಂಡಿತು ಅಂದ. ಆವತ್ತು ಅಪ್ಪ ಬಯಲಿಗೆ ಹೋದ ನಡಿಗೆಯನ್ನು ನೀವು ನೋಡಬೇಕಿತ್ತು.

ಗುರಿ ಇಡುವವನ ಹತ್ತಿರ ಯಾರೂ ಮಾತಾಡಬಾರದು ಅನ್ನುವುದು ಊರ ಕಟ್ಟಳೆ. ಕೆಮ್ಮು ಬಂದವರು ಕೂಡ ದೂರ ಹೋಗಿ ಕೆಮ್ಮಬೇಕು. ಅಪ್ಪ ಕೋವಿ ಎತ್ತಿದ. ನಾನು, ಅವ್ವ ಅವನ ಬೆನ್ನಿನ ನೇರಕ್ಕೇ ನಿಂತಿದ್ದೆವು. ಸುಣ್ಣದ ಬೊಟ್ಟು ನಮಗೂ ಕಾಣುತ್ತಿತ್ತು, ಅದರಾಚೆ ಬರೀ ಕೊಂಬೆ. ಕಾಯಿ ಇದ್ದದ್ದು ಎಡಕ್ಕೆ. ಅಪ್ಪನಿಗೆ ಮಕ್ಕಿ ಕಂಡಿತ್ತು, ಕಾಯಿ ಕಂಡಿರಲಿಲ್ಲ. ಎಡಕ್ಕಪ್ಪಾ, ಇನ್ನೊಂದು ಚೂರು ಎಡಕ್ಕೆ ಅನ್ನುವ ಮಾತು ನಾಲಿಗೆಯ ತುದಿಗೆ ಬಂತು, ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡೆ. ಅವ್ವ ನನ್ನ ಜಡೆಯನ್ನು ಬಿಗಿಯಾಗಿ ಹಿಡಿದಿದ್ದಳು. ಅವಳಿಗೂ ಕಾಣುತ್ತಿತ್ತು. ಅವಳೂ ಸುಮ್ಮನಿದ್ದಳು.

ಅಪ್ಪ ತುಂಬಾ ಹೊತ್ತು ನಿಂತಿದ್ದ. ಗಾಳಿಗೆ ಕಾಯಿ ಅಲುಗಾಡಿ ಸುಮ್ಮನಾಯಿತು. ಆಮೇಲೆ ಕೋವಿ ಇಳಿಸಿ, "ನೀನೇ ಹೊಡಿ" ಅಂತ ಚಿಕ್ಕಪ್ಪನ ಕೈಗೆ ಕೊಟ್ಟ. ಚಿಕ್ಕಪ್ಪನ ಗುಂಡಿಗೆ ಕಾಯಿ ಚೂರಾಯಿತು. ಎಲ್ಲರಿಗಿಂತ ಮೊದಲು ಸಿಳ್ಳೆ ಹೊಡೆದವನು ಅಪ್ಪ.

ಮನೆಗೆ ಬಂದು ಮಕ್ಕಿಯ ಸುಣ್ಣವನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿದ, ಅದು ಹೋದ ಮೇಲೂ ಒರೆಸುತ್ತಲೇ ಇದ್ದ. ಅವ್ವ ಗೆದ್ದ ಕಾಯಿಯ ಚೂರುಗಳನ್ನು ತಂದಿಟ್ಟಾಗ ನನ್ನ ಕಡೆ ತಿರುಗಿ, ಇದಕ್ಕೆ ಬೆಲ್ಲ ಜಾಸ್ತಿ ಹಾಕಿಸವ್ವ, ಮಕ್ಕಿ ಬರಲಿ ಅಂದ. ನನಗೆ ನಗು ಬರಲಿಲ್ಲ.

ಆಮೇಲೆ ಪೊರೆ ಬಲಿಯಿತು, ಆಪರೇಷನ್ ಆಯಿತು, ಸೀಸೆಯ ತಳದಂಥ ಕನ್ನಡಕ ಬಂತು. ಅಪ್ಪ ಮತ್ತೆ ಕೋವಿ ಮುಟ್ಟಲಿಲ್ಲ. ಗಿಡ್ಡಿ ಚಿಕ್ಕಪ್ಪನ ಮನೆ ಸೇರಿ, ಅಲ್ಲಿಂದ ಎಲ್ಲಿಗೆ ಹೋಯಿತೋ. ಬಯಲಿನಲ್ಲಿ ಈಗ ರೆಸಾರ್ಟು. ಅಪ್ಪನ ನಗು, ಅವ್ವನ ಸುಣ್ಣದ ಬೆರಳು, ಆ ಎಣ್ಣೆಯ ವಾಸನೆ, ಯಾವುದೂ ಉಳಿದಿಲ್ಲ. ನನ್ನ ಪಾಲಿಗೆ ಉಳಿದದ್ದು ಆ ಮಂಜೊಂದೇ. ಅಪ್ಪನಿಗೆ ಏನು ಕಾಣುತ್ತಿತ್ತು ಅನ್ನುವುದು ನನಗೆ ಈಗ, ಇಷ್ಟು ದೂರದಲ್ಲಿ, ಈ ಬಾಲ್ಕನಿಯಲ್ಲಿ ಕಾಣುತ್ತಿದೆ.

ಇದನ್ನೆಲ್ಲ ಕೇಳಿಸಿಕೊಂಡ ದಿಯಾ ಫೋನನ್ನು ನನ್ನ ಕೈಗೇ ಕೊಟ್ಟು, ನೀನೇ ಆಡು ಅಂದಳು. ದುರ್ಬೀನು ಬೇಡ, ಚುಕ್ಕಿ ಬೇಡ, ಬರೀ ಮಕ್ಕಿ ಇರುವುದು ಸಾಕು ಅಂದೆ. ಪರದೆಯ ತುಂಬ ಹೊಗೆ ತುಂಬಿದ ಹಾಗಿತ್ತು. ಹೊಡೆಯಬೇಕಾದ್ದು ಎಲ್ಲಿದೆಯೋ ಗೊತ್ತಾಗದೆ ಬೆರಳು ಆ ಕಡೆ ಈ ಕಡೆ ಓಡಾಡುತ್ತಿತ್ತು. ಅವಳು ಗಲ್ಲವನ್ನು ನನ್ನ ಭುಜಕ್ಕೆ ಊರಿ, "ಲೆಫ್ಟ್, ಅಜ್ಜಿ. ಲಿಟಲ್ ಬಿಟ್ ಲೆಫ್ಟ್" ಅಂದಳು.

ನನ್ನ ಬೆರಳು ನಿಂತುಹೋಯಿತು. ದನಿ ಸರಿಮಾಡಿಕೊಂಡು ಗದರಿದೆ, "ಗುರಿ ಇಡೋವಾಗ ಪಕ್ಕದಲ್ಲಿರೋರು ಮಾತಾಡಬಾರ್ದು ಕಣೇ."

"ಮಾತಾಡ್ದೇ ಇದ್ರೆ ಹೌ ಟು ಹಿಟ್ ಲಾ, ಅಜ್ಜಿ?"