ಹನ್ನೊಂದನೇ ತೂತು

ಕೊಡಿಗೇಹಳ್ಳಿಯ ನನ್ನ ಬಾಡಿಗೆ ಮನೆಯ ಗೋಡೆ ಮೇಲೆ, ನನ್ನ ಭುಜದ ಎತ್ತರಕ್ಕೆ, ಒಂದು ಕಪ್ಪು ಬೊಟ್ಟಿದೆ. ಸ್ಕೆಚ್ ಪೆನ್ನಿನಲ್ಲಿ ನಾನೇ ಬರೆದದ್ದು. ಮನೆ ಓನರಮ್ಮ ಒಮ್ಮೆ ನಲ್ಲಿ ಸೋರುವುದನ್ನು ನೋಡಲು ಬಂದವರು ಅದರ ಮುಂದೆ ನಿಂತುಬಿಟ್ಟರು. “ಏನ್ರೀ ಇದು, ಗೋಡೆಗೆ ದೃಷ್ಟಿಬೊಟ್ಟು ಇಟ್ಟಿದ್ದೀರಾ? ಈ ಮನೆಗೆ ಯಾರ್ರೀ ದೃಷ್ಟಿ ಹಾಕ್ತಾರೆ?” ಅಂದರು. ಒಂದು ಮಂಚ, ಎರಡು ಕುರ್ಚಿ, ಒಬ್ಬ ಐವತ್ತನಾಲ್ಕು ವರ್ಷದ ಗಂಡಸು. ಅವರ ಮಾತು ನಿಜವೇ. ನಾನು ಹೂಂ ಅಂದೆ. ದಿನಾ ಸಂಜೆ ಆ ಬೊಟ್ಟಿಗೆ ಖಾಲಿ ಪಿಸ್ತೂಲು ಹಿಡಿದು ಅರ್ಧ ಗಂಟೆ ನಿಲ್ಲುತ್ತೇನೆ ಅಂತ ಹೇಳಿದ್ದರೆ ತಿಂಗಳ ಕೊನೆಗೆ ಮನೆ ಖಾಲಿ ಮಾಡಿಸುತ್ತಿದ್ದರು.

ಪಿಸ್ತೂಲು ಅಂದ ತಕ್ಷಣ ಜನ ಕಣ್ಣರಳಿಸುತ್ತಾರೆ. ನನ್ನದು ಗಾಳಿಯ ಒತ್ತಡದಿಂದ ಸೀಸದ ಸಣ್ಣ ಗುಂಡು ಹಾರಿಸುವ ಏರ್ ಪಿಸ್ತೂಲು. ಹತ್ತು ಮೀಟರ್ ದೂರದ ಕಾಗದದ ಕಾರ್ಡಿಗೆ ಹೊಡೆಯುವುದು ಬಿಟ್ಟರೆ ಬೇರೆ ಕೆಲಸಕ್ಕೆ ಬಾರದ ವಸ್ತು. ಯಶವಂತಪುರದ ಮಂಡಿಗಳಲ್ಲಿ ತೂಕದ ಯಂತ್ರ ರಿಪೇರಿ ಮಾಡುವುದು ನನ್ನ ಕಸುಬು. ಮುಳ್ಳು ಒಂದು ಗೆರೆ ಆಚೀಚೆ ನಿಂತರೂ ನನಗೆ ಸಿಟ್ಟು ಬರುತ್ತದೆ. ಇಂಥವನಿಗೆ ಈ ಹುಚ್ಚು ಹಿಡಿದದ್ದು ಆಶ್ಚರ್ಯವಲ್ಲ. ಮದುವೆ ಯಾಕಾಗಲಿಲ್ಲ ಅನ್ನುವ ಪ್ರಶ್ನೆಗೂ ಹೆಚ್ಚುಕಡಿಮೆ ಇದೇ ಉತ್ತರ.

ಕೆಂಪಾಪುರದಲ್ಲಿ ಟೈಲ್ಸ್ ಅಂಗಡಿಯೊಂದರ ಮೇಲೆ, ಮೂರನೇ ಮಹಡಿಯಲ್ಲಿ, ನಮ್ಮ ಶೂಟಿಂಗ್ ರೇಂಜ್ ಇದೆ. ಒಬ್ಬೊಬ್ಬರು ನಿಂತು ಹೊಡೆಯುವ ಎಂಟು ಲೇನುಗಳು. ಕಾರ್ಡನ್ನು ಕ್ಲಿಪ್ಪಿಗೆ ಸಿಕ್ಕಿಸಿ ಗುಂಡಿ ಒತ್ತಿದರೆ ಅದು ತಂತಿಯ ಮೇಲೆ ಹೋಗಿ ಆ ತುದಿಯಲ್ಲಿ ನಿಲ್ಲುತ್ತದೆ. ಒಂದು ಕಾರ್ಡಿಗೆ ಹತ್ತು ಗುಂಡು. ಮತ್ತೆ ಗುಂಡಿ ಒತ್ತಿದರೆ ಹತ್ತು ತೂತು ಹೊತ್ತುಕೊಂಡು ವಾಪಸು ಬರುತ್ತದೆ. ಮೊದಲ ದಿನ ನಾನು ಓಡುವ ಬೂಟು ಹಾಕಿಕೊಂಡು ಹೋಗಿದ್ದೆ. ಕೋಚ್ ಹುಡುಗಿ ನನ್ನ ಕಾಲು ನೋಡಿ, “ಸಾರ್, ಜಾಗಿಂಗ್‌ಗೆ ಬಂದ್ರಾ?” ಅಂದಳು. ಮೆತ್ತನೆ ಅಟ್ಟೆಯ ಮೇಲೆ ಮೈ ತೂಗುತ್ತದೆ, ಗಟ್ಟಿ ಅಟ್ಟೆಯ ಚಪ್ಪಟೆ ಬೂಟು ಬೇಕು. ಅದಾದ ಮೇಲೆ ಗುಂಡು. ನೋಡಲು ಒಂದೇ ಥರದ ಎರಡು ಡಬ್ಬಿ, ಒಂದರ ಗುಂಡು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ದಪ್ಪ. ಯಾವುದು ನನ್ನ ನಳಿಕೆಗೆ ಸರಿ ಅಂತ ತೀರ್ಮಾನಿಸಲು ಒಂದು ಇಡೀ ತಿಂಗಳು ತೆಗೆದುಕೊಂಡೆ. ಹೆಣ್ಣು ನೋಡಲು ಹೋದಾಗಲೂ ನಾನು ಅಷ್ಟು ಯೋಚಿಸಿರಲಿಲ್ಲ.

ಆಮೇಲೆ ಕನ್ನಡಕ. ಬಲಗಣ್ಣಿಗೆ ಗಾಜು, ಎಡಗಣ್ಣಿಗೆ ಬಿಳಿ ಮುಚ್ಚಳ, ಪಕ್ಕದ್ದೇನೂ ಕಾಣದ ಹಾಗೆ ಎರಡೂ ಬದಿಗೆ ಪಟ್ಟಿ. ಕಿವಿಗೆ ದಪ್ಪನೆಯ ಮಫ್. ಎಲ್ಲವನ್ನೂ ಹುಡುಕಿ, ಹೋಲಿಸಿ, ವಾಪಸು ಕಳಿಸಿ, ಮತ್ತೆ ತರಿಸಿಕೊಂಡದ್ದು. ಎಷ್ಟೋ ವರ್ಷದ ನಂತರ ಹೊಳೆಯಿತು, ನಾನು ಇಷ್ಟು ಅಕ್ಕರೆಯಿಂದ ಆರಿಸಿದ್ದೆಲ್ಲ ಕಡಿಮೆ ನೋಡಲು, ಕಡಿಮೆ ಕೇಳಲು ಬೇಕಾದ ಸಾಮಾನುಗಳು.

ನನ್ನದು ಮೂರನೇ ಲೇನು. ನಾಲ್ಕನೆಯದರಲ್ಲಿ ಒಬ್ಬರು ಹಿರಿಯರು ಬರುತ್ತಿದ್ದರು. ಆರ್.ಟಿ. ನಗರದವರು, ಮರಗೆಲಸದ ವರ್ಕ್‌ಶಾಪ್ ಮಗನಿಗೆ ಬಿಟ್ಟುಕೊಟ್ಟು ನಿವೃತ್ತರಾದವರು. ಮನೆಯವರ ಜೊತೆ ಫೋನಿನಲ್ಲಿ ದಖನಿ ಉರ್ದು, ನಮ್ಮ ಜೊತೆ ಅಚ್ಚ ಬೆಂಗಳೂರು ಕನ್ನಡ. ನಾನು ಅವರನ್ನು ಭಾಯ್ ಅನ್ನುತ್ತಿದ್ದೆ, ಅವರು ನನ್ನನ್ನು ಸಾರ್ ಅನ್ನುತ್ತಿದ್ದರು. ಶೂಟಿಂಗ್ ನಡೆಯುವಾಗ ರೇಂಜಿನಲ್ಲಿ ಮಾತಾಡಬಾರದು ಅನ್ನುವುದು ನಿಯಮ. ನಮ್ಮಿಬ್ಬರಿಗೂ ಆ ನಿಯಮ ಎಷ್ಟು ಒಗ್ಗಿತ್ತೆಂದರೆ ಕೆಳಗೆ ಬಂದ ಮೇಲೂ ಅದನ್ನು ಪಾಲಿಸುತ್ತಿದ್ದೆವು.

ನಮ್ಮ ನಡುವೆ ಒಂದು ದೊಡ್ಡ ಮಾತುಕತೆ ಅಂತ ನಡೆದದ್ದು ಮೊದಲ ವರ್ಷ. ನನ್ನ ಪಿಸ್ತೂಲಿನ ಮರದ ಹಿಡಿ ಕೈಗೆ ಕೂರುತ್ತಿರಲಿಲ್ಲ. ನಾನು ಹೆಬ್ಬೆರಳ ಬುಡ ಉಜ್ಜಿಕೊಳ್ಳುವುದನ್ನು ಅವರು ನೋಡಿದ್ದರು. “ಕೈ ಕೊಡಿ ಸಾರ್, ನೋಡೋಣ,” ಅಂದು ನನ್ನ ಅಂಗೈಯನ್ನು ಹಲಗೆ ನೋಡುವ ಹಾಗೆ ತಿರುಗಿಸಿ ನೋಡಿದರು. ಮುಂದಿನ ಮೂರು ಶನಿವಾರ ಹಿಡಿಯನ್ನು ಬಿಚ್ಚಿಸಿಕೊಂಡು ಮನೆಗೆ ಒಯ್ದರು. ಒಂದು ಕಡೆ ಅರದಲ್ಲಿ ಉಜ್ಜಿ, ಇನ್ನೊಂದು ಕಡೆ ಪುಟ್ಟಿ ತುಂಬಿ ತಂದರು. ನಾಲ್ಕನೇ ಶನಿವಾರ ಅದು ನನ್ನ ಕೈಗೆ ಕೂತ ರೀತಿಗೆ ನಾನು ಅದನ್ನು ತುಂಬ ಹೊತ್ತು ಕೆಳಗಿಡಲಿಲ್ಲ. ನನ್ನ ಅಂಗೈಯನ್ನು ಅಷ್ಟು ಹೊತ್ತು ಯಾರೂ ಹಿಡಿದಿರಲಿಲ್ಲ ಅನ್ನುವುದೂ ಅದಕ್ಕೆ ಒಂದು ಕಾರಣ.

ಪ್ರತಿ ಶನಿವಾರ ಶೂಟಿಂಗ್ ಮುಗಿದ ಮೇಲೆ ಕೆಳಗಿನ ಅಂಗಡಿಯಲ್ಲಿ ಒನ್ ಬೈ ಟು ಟೀ. ಒಂದು ಟೀ, ಎರಡು ಲೋಟ. ಏರ್‌ಪೋರ್ಟ್ ರೋಡಿನ ಕಡೆ ಮುಖ ಮಾಡಿ ನಿಂತು ಕುಡಿಯುತ್ತಿದ್ದೆವು. ಲೋಟ ಇಟ್ಟು ಅವರು “ಬರ್ತೀನಿ ಸಾರ್” ಅನ್ನುತ್ತಿದ್ದರು. ನಾನು “ಹೂಂ ಭಾಯ್, ಬನ್ನಿ” ಅನ್ನುತ್ತಿದ್ದೆ. ಆರು ವರ್ಷ ಇಷ್ಟೇ. ಇದನ್ನು ಸ್ನೇಹ ಅನ್ನಬಹುದೋ ಇಲ್ಲವೋ ಅಂತ ನಾನು ಯೋಚಿಸಲಿಲ್ಲ, ವಾರವಿಡೀ ಶನಿವಾರಕ್ಕೆ ಕಾಯುತ್ತಿದ್ದೆ ಅಷ್ಟೇ.

ಹೋದ ವರ್ಷ ಯುಗಾದಿ ಕಳೆದ ಮೇಲೆ ಒಂದು ಶನಿವಾರ ನನ್ನ ಕಾರ್ಡು ವಾಪಸು ಬಂದಾಗ ಅದರಲ್ಲಿ ಹನ್ನೊಂದು ತೂತಿದ್ದವು. ಲೆಕ್ಕ ತಪ್ಪುವವನಲ್ಲ ನಾನು. ಹತ್ತು ತೂತು ನಡುವಿನ ಕಪ್ಪು ವೃತ್ತದ ಸುತ್ತಮುತ್ತ, ಒಂದು ಮಾತ್ರ ಮೇಲಿನ ಬಲಮೂಲೆಯಲ್ಲಿ. ಪಕ್ಕಕ್ಕೆ ತಿರುಗಿ ನೋಡಿದೆ. ಭಾಯ್ ತಮ್ಮ ಕಾರ್ಡನ್ನು ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದರು. ನಾನು ನನ್ನ ಕಾರ್ಡನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

ಪಕ್ಕದವರ ಕಾರ್ಡಿಗೆ ಹೊಡೆಯುವುದು ನಮ್ಮಲ್ಲಿ ಹೊಸಬರು ಮಾಡುವ ತಪ್ಪು. ಎಂಟು ಕಾರ್ಡು ಸಾಲಾಗಿ ಒಂದೇ ಥರ ನೇತಾಡುವಾಗ ಕಣ್ಣು ಜಾರಿ ಒಂದು ಕಾರ್ಡು ಆಚೆ ಹೋಗಿಬಿಡುತ್ತದೆ. ಭಾಯ್ ಹೊಸಬರಲ್ಲ. ಎರಡು ವಾರ ಬಿಟ್ಟು ಮತ್ತೆ ಹನ್ನೊಂದು. ಮಳೆಗಾಲದ ಹೊತ್ತಿಗೆ ವಾರಕ್ಕೊಮ್ಮೆ. ಟೀ ಲೋಟ ಎತ್ತಿಕೊಳ್ಳಲು ಕೈ ಚಾಚಿದಾಗ ಅವರ ಬೆರಳು ಲೋಟದ ಪಕ್ಕದ ಗಾಳಿಯನ್ನು ಹಿಡಿಯುತ್ತಿದ್ದವು. ಕಣ್ಣಿಗೆ ಪೊರೆ ಬರುತ್ತಿದೆ ಅಂತ ನನಗೆ ಗೊತ್ತಾಯಿತು.

ಹೇಳಬೇಕಿತ್ತು. ಹೇಳಲಿಲ್ಲ. ಕೋಚ್‌ಗೆ ಗೊತ್ತಾದರೆ ಕಣ್ಣು ತೋರಿಸಿಕೊಂಡು ಬನ್ನಿ ಅಂಕಲ್ ಅಂತ ಮನೆಗೆ ಕಳಿಸುತ್ತಾಳೆ, ನಾಲ್ಕನೇ ಲೇನು ಖಾಲಿಯಾಗುತ್ತದೆ, ನನ್ನ ಶನಿವಾರ ಹಾಳಾಗುತ್ತದೆ. ಇದನ್ನೇ ನಾನು ಅವರ ಮರ್ಯಾದೆ ಕಾಯುತ್ತಿದ್ದೇನೆ ಅಂತ ಹೆಸರಿಟ್ಟು ಎಂಟು ತಿಂಗಳು ಬೀಗಿದೆ. ಹನ್ನೊಂದು ತೂತಿನ ಕಾರ್ಡುಗಳನ್ನೆಲ್ಲ ಮನೆಗೆ ತಂದು ಬೀರುವಿನ ಡ್ರಾಯರಿನಲ್ಲಿ ಇಟ್ಟಿದ್ದೇನೆ.

ಆಮೇಲೆ ನಮ್ಮ ರೇಂಜಿನಲ್ಲೇ ಆಯ್ಕೆ ಸ್ಪರ್ಧೆ ಬಂತು. ಆರು ಕಾರ್ಡು, ಅರವತ್ತು ಗುಂಡು. ಗೊತ್ತುಪಡಿಸಿದ ಅಂಕ ಬಂದರೆ ರಾಜ್ಯ ಮಟ್ಟಕ್ಕೆ ಹೋಗಬಹುದು. ಆರು ವರ್ಷ ನಾನು ಆ ಅಂಕದ ಬಾಗಿಲಿಗೆ ಹೋಗಿ ವಾಪಸು ಬಂದಿದ್ದೆ. ಭಾಯ್ ಕೂಡ ಹೆಸರು ಕೊಟ್ಟಿದ್ದರು. ಮೂರನೇ ಲೇನು ನನಗೆ, ನಾಲ್ಕನೆಯದು ಅವರಿಗೆ.

ಅವತ್ತು ನನ್ನ ಕೈ ಚೆನ್ನಾಗಿ ನಿಂತಿತ್ತು. ಐದನೇ ಕಾರ್ಡು ವಾಪಸು ಬಂದಾಗ ಹನ್ನೊಂದು ತೂತಿದ್ದವು. ನಾನು ಸುಮ್ಮನಿದ್ದರೆ ಹೆಚ್ಚುವರಿ ಗುಂಡು ನನ್ನದೇ ಅಂತ ಲೆಕ್ಕಕ್ಕೆ ಹಿಡಿದು ಎರಡು ಅಂಕ ಕಳೆಯುತ್ತಾರೆ. ಇದು ನನ್ನದಲ್ಲ ಅಂದರೆ ಯಾರದು ಅಂತ ವಿಚಾರಿಸುತ್ತಾರೆ. ಭಾಯ್‌ಗೆ ಹೇಗಿದ್ದರೂ ಆ ಗುಂಡಿನ ಅಂಕ ಹೋಯಿತು. ನಾನು ಸುಮ್ಮನಿದ್ದರೆ ಅದು ಯಾರ ಕಣ್ಣಿಗೂ ಬೀಳದೆ ಹೋಗುತ್ತಿತ್ತು. ಎರಡೇ ಎರಡು ಅಂಕ. ನಾನು ಕೈ ಎತ್ತಿದೆ.

ತೀರ್ಪುಗಾರರು ಶೂಟಿಂಗ್ ನಿಲ್ಲಿಸಿದರು. ಎಲ್ಲರೂ ಕಿವಿಯ ಮಫ್ ತೆಗೆದರು. “ನಾಲ್ಕನೇ ಲೇನ್, ನಿಮ್ಮ ಕಾರ್ಡ್ ತೋರ್ಸಿ,” ಅಂದರು ಅವರು, ಜೋರಾಗಿ. ಭಾಯ್ ಕಾರ್ಡು ಕೊಟ್ಟರು. ಒಂಬತ್ತು ತೂತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

“ನಂದೇ ಸಾರ್ ಅದು. ಕಣ್ಣು ಸರಿಯಿಲ್ಲ,” ಅಂದರು ಭಾಯ್. ಆಮೇಲೆ ನಿಯಮದ ಪ್ರಕಾರ ಪಿಸ್ತೂಲು ಖಾಲಿ ಮಾಡಿ, ತೀರ್ಪುಗಾರರಿಗೆ ತೋರಿಸಿ, ಪೆಟ್ಟಿಗೆಯಲ್ಲಿಟ್ಟರು. ಒಂದು ಕಾರ್ಡು ಬಾಕಿ ಇತ್ತು, ಹೊಡೆಯಲಿಲ್ಲ. ನನ್ನ ಹಿಂದೆ ಹಾದುಹೋಗುವಾಗ ಮೆಲ್ಲಗೆ, “ಹೋಗ್ತೀನಿ ಸಾರ್,” ಅಂದರು.

ನಮ್ಮಲ್ಲಿ ಎದ್ದು ಹೊರಡುವವರು ಹೋಗ್ತೀನಿ ಅನ್ನುವುದಿಲ್ಲ. ಸಾಮಾನು ತರಲು ಬೀದಿ ಕೊನೆಗೆ ಹೊರಟರೂ ಬರ್ತೀನಿ ಅನ್ನುತ್ತೇವೆ. ಅವರ ಮನೆಮಾತು ಬೇರೆ, ಬಾಯಿತಪ್ಪಿ ಬಂದಿರಬೇಕು ಅಂತ ಸಮಾಧಾನ ಹೇಳಿಕೊಂಡೆ. ಆರು ವರ್ಷ ಒಮ್ಮೆಯೂ ತಪ್ಪದ ಬಾಯಿ ಅದು. ನಾನು ಮಫ್ ಹಾಕಿಕೊಂಡು ಆರನೇ ಕಾರ್ಡು ಹೊಡೆದೆ. ನನ್ನ ಜೀವನದಲ್ಲೇ ಅಷ್ಟು ಒಳ್ಳೆಯ ಕಾರ್ಡು ಹೊಡೆದಿಲ್ಲ.

ಒಂದು ಅಂಕ ಹೆಚ್ಚಾಗಿಯೇ ಆಯ್ಕೆಯಾದೆ. ರಾಜ್ಯ ಮಟ್ಟದಲ್ಲಿ ಎಷ್ಟನೆಯವನಾದೆ ಅಂತ ಯಾರೂ ಕೇಳಲಿಲ್ಲ, ನಾನೂ ಹೇಳುವುದಿಲ್ಲ. ಭಾಯ್ ಮುಂದಿನ ಶನಿವಾರ ಬರಲಿಲ್ಲ, ಅದರ ಮುಂದಿನದಕ್ಕೂ ಬರಲಿಲ್ಲ. ಒಬ್ಬನೇ ಟೀ ಅಂಗಡಿಗೆ ಹೋಗಿ ಅಭ್ಯಾಸಬಲದಿಂದ ಒನ್ ಬೈ ಟು ಅಂದೆ. ಅಂಗಡಿಯವನು ಎರಡು ಲೋಟ ಇಟ್ಟ. ಎರಡನ್ನೂ ನಾನೇ ಕುಡಿದೆ.

ಎರಡು ತಿಂಗಳ ನಂತರ ಕೋಚ್ ಹತ್ತಿರ ವಿಳಾಸ ಕೇಳಿಕೊಂಡು ಆರ್.ಟಿ. ನಗರಕ್ಕೆ ಹೋದೆ. ಸೊಸೆ ಬಾಗಿಲು ತೆಗೆದರು. ಭಾಯ್ ವರಾಂಡದಲ್ಲಿ ಕಪ್ಪು ಕನ್ನಡಕ ಹಾಕಿ ಕೂತಿದ್ದರು. ಆಪರೇಷನ್ ಆಗಿ ಮೂರು ವಾರವಾಗಿತ್ತಂತೆ. “ಬನ್ನಿ ಸಾರ್, ಕೂತ್ಕೊಳ್ಳಿ,” ಅಂದರು. ಟೀ ಬಂತು, ಇಬ್ಬರಿಗೂ ಪೂರ್ತಿ ಲೋಟ. ಅವರು ತಡವರಿಸದೆ ಎತ್ತಿಕೊಂಡರು.

“ಅವತ್ತು ನಾನು ಹಂಗ್ ಮಾಡ್ಬಾರ್ದಿತ್ತು ಭಾಯ್,” ಅಂದೆ.

“ಅದ್ರಲ್ಲೇನಿದೆ, ನಿಯಮ ಅಲ್ವಾ.” ಒಂದು ಗುಟುಕು ಟೀ ಕುಡಿದು ಹೇಳಿದರು, “ನಿಮ್ ಕಾರ್ಡಲ್ಲಿ ಹನ್ನೊಂದಿದ್ರೆ ನನ್ ಕಾರ್ಡಲ್ಲಿ ಒಂಬತ್ತಿರ್ತಿತ್ತಲ್ಲ ಸಾರ್. ನಾನು ಬಡಗಿ. ಒಂದು ಮೊಳೆ ಕಮ್ಮಿ ಹೊಡೆದ್ರೆ ನನಗೆ ಗೊತ್ತಾಗಲ್ವಾ?”

ನಾನು ಲೋಟ ಕೆಳಗಿಟ್ಟೆ.

“ಟೀ ಕುಡಿಯೋವಾಗ ಹೇಳ್ತೀರಾ ಅಂತ ಪ್ರತಿ ವಾರ ಕಾದೆ. ನಾನಾಗೇ ಹೇಳೋಕೆ ಭಯ, ಮನೇಲಿ ಕೂರಿಸ್ಬಿಡ್ತಾರೆ ಅಂತ. ನೀವು ಹೇಳಿದ್ರೆ ನಕ್ಕೊಂಡು ಹೋಗಿ ಆಪರೇಷನ್ ಮಾಡಿಸ್ಕೊಂಡು ಬರ್ತಿದ್ದೆ. ನಾವಿಬ್ರೇ ಇದ್ದಾಗ ಎಂಟು ತಿಂಗಳು ಹೇಳ್ಲಿಲ್ಲ. ಎಲ್ರೂ ಇದ್ದಾಗ ಹೇಳಿದ್ರಿ.”

“ಈಗ ಕಣ್ಣು ಚೆನ್ನಾಗಿದೆಯಲ್ಲ. ಶನಿವಾರ ಬನ್ನಿ.”

“ನಾನು ಬರದೇ ಇರೋದು ಕಣ್ಣಿಗೋಸ್ಕರ ಅಲ್ಲ ಸಾರ್,” ಅಂದರು. ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನಾನೂ ಒಂದಿಷ್ಟು ರೇಗಿ ಹಗುರಾಗಬಹುದಿತ್ತು.

ಎದ್ದು ನಿಂತಾಗ ಅವರು ನನ್ನ ಬಲಗೈ ಹಿಡಿದುಕೊಂಡರು. ಕೈಕುಲುಕಲು ಅಂದುಕೊಂಡೆ. ಅಂಗೈ ತಿರುಗಿಸಿ, ಹೆಬ್ಬೆರಳ ಬುಡ ಒತ್ತಿ ನೋಡಿದರು. “ಕೈ ಇಳಿದಿದೆ ನಿಮ್ದು. ಹಿಡಿ ಸಡಿಲ ಆಗಿರ್ಬೇಕಲ್ಲ? ಒಂದಿನ ತಗೊಂಡ್ಬನ್ನಿ, ಸರಿ ಮಾಡ್ಕೊಡ್ತೀನಿ.”

“ಬರ್ತೀನಿ ಭಾಯ್,” ಅಂದೆ.

“ಹೋಗ್ಬನ್ನಿ,” ಅಂದರು.

ಇದಾಗಿ ನಾಲ್ಕು ತಿಂಗಳಾಯಿತು. ಶನಿವಾರ ಹೋಗುತ್ತೇನೆ, ಹೊಡೆಯುತ್ತೇನೆ, ಕಾರ್ಡಿನಲ್ಲಿ ಪ್ರತಿ ಸಲ ಹತ್ತೇ ತೂತು. ಹಿಡಿ ನಿಜವಾಗಿಯೂ ಸಡಿಲವಾಗಿದೆ. ಟೇಪು ಸುತ್ತಿಕೊಂಡಿದ್ದೇನೆ, ಆದರೂ ಕೈಯೊಳಗೆ ಜಾರುತ್ತದೆ. ಕೆಂಪಾಪುರದಿಂದ ಆರ್.ಟಿ. ನಗರಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಪ್ರತಿ ಶನಿವಾರ ಹಿಡಿಯನ್ನು ಬಿಚ್ಚಿ ಬ್ಯಾಗಿಗೆ ಹಾಕಿಕೊಂಡು ಬಸ್‌ಸ್ಟಾಪಿನವರೆಗೆ ಹೋಗುತ್ತೇನೆ. ಹೋಗಿ ಏನು ಮಾತಾಡಲಿ ಅಂತ ಯೋಚಿಸುತ್ತ ನಿಲ್ಲುತ್ತೇನೆ. ಆಮೇಲೆ ಕೊಡಿಗೇಹಳ್ಳಿಯ ಬಸ್ಸು ಹತ್ತುತ್ತೇನೆ. ಬರ್ತೀನಿ ಅಂದವನು ನಾನು. ಇನ್ನೂ ಹೋಗಿಲ್ಲ.